ಓರೆ ಕೋರೆಯ ಕುಂಡ

ಕ್ರಿಸ್ಮಸ್ ಹತ್ತಿರ ಬಂತೆಂದರೆ ಹಲ್ಲಕ್ಕನ ನೆಂಟರಿಗೂ ನೆರೆಯವರಿಗೂ ಸಣ್ಣಗೆ ಜ್ವರ ಬಂದ ಹಾಗಾಗುತ್ತಿತ್ತು. ಈ ಸಲ ಏನು ಕೊಡುತ್ತಾಳೋ ಎಂಬ ಜ್ವರ. ಒಂದು ವರ್ಷ ಅವಳು ಮನೆಯಲ್ಲೇ ಮೇಣದಬತ್ತಿ ಮಾಡಿ ಹಂಚಿದಳು. ಹಚ್ಚಿದ ಮನೆಗಳೆಲ್ಲ ಹಲ್ಲು ಕೀಳಿಸುವ ಕೋಣೆಯ ಹಾಗೆ ನಾರಿದವು. ಮರುವರ್ಷ ಉಣ್ಣೆಯ ಟೊಪ್ಪಿ ಹೆಣೆದಳು. ಒಂದೂ ಯಾರ ತಲೆಗೂ ಇಳಿಯಲಿಲ್ಲ, ಪಕ್ಕದ ಮನೆಯ ದರ್ಜಿ ತನ್ನದನ್ನು ಟೀ ಪಾತ್ರೆಗೆ ತೊಡಿಸಿ ಉಪಯೋಗ ಕಂಡುಕೊಂಡ. ಅದಾದ ಮೇಲೆ ಸೋಪು. ಸೋಪಿನ ವಿಷಯ ಇಲ್ಲಿ ಬೇಡ, ಅದನ್ನು ಬಳಸಿದವರು ಇನ್ನೂ ಬದುಕಿದ್ದಾರೆ.

ಅಂಗಡಿಯಿಂದ ಕೊಂಡು ಕೊಡುವುದು ಮಾತ್ರ ಅವಳ ಜಾಯಮಾನಕ್ಕೆ ಒಗ್ಗದ ಮಾತು. "ಕೊಂಡು ತರೋಕೆ ಯಾರಿಗೆ ಬರಲ್ಲ? ಅದರಲ್ಲಿ ನಂದು ಅಂತ ಏನಿರುತ್ತೆ?" ಎನ್ನುತ್ತಿದ್ದಳು.

ಹಲ್ಲಕ್ಕ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಇಟ್ಟ ಹೆಸರು. ಮೂವತ್ತೊಂದು ವರ್ಷ ಅವಳು ಒಬ್ಬ ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಮುಖ ಮಾಡಿ ಕೂತು, ಹಲ್ಲುಸೆಟ್ಟು ಕಟ್ಟಿದಳು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುವರು. ಅದಕ್ಕೆ ಪ್ಲಾಸ್ಟರ್ ಹುಯ್ದು ಒಸಡಿನ ಪಡಿಯಚ್ಚು ತೆಗೆಯುವುದು, ಅದರ ಮೇಲೆ ಮೇಣ ಮೆತ್ತಿ ಒಂದೊಂದೇ ಹಲ್ಲು ನಿಲ್ಲಿಸುವುದು, ಬೇಯಿಸುವುದು, ಉಜ್ಜುವುದು, ಎಲ್ಲ ಅವಳದೇ. ಊರಿನ ಅರ್ಧ ಜನ ಅವಳ ಹಲ್ಲಿನಲ್ಲೇ ಅಗಿಯುತ್ತಿದ್ದರು, ಅವಳ ಹಲ್ಲಿನಲ್ಲೇ ಹಲ್ಲು ಕಡಿಯುತ್ತಿದ್ದರು.

ಅವಳ ಹೆಚ್ಚುಗಾರಿಕೆ ಇದ್ದದ್ದು ತಪ್ಪು ಮಾಡುವುದರಲ್ಲಿ. ಮೂವತ್ತೆರಡನ್ನೂ ಸಾಲಾಗಿ ಜೋಡಿಸಿದರೆ ಅದು ಬಾಯಲ್ಲ, ಹಾರ್ಮೋನಿಯಂ ಎಂದು ಅವಳ ವಾದ. ಕಟ್ಟಿಸಿಕೊಳ್ಳಲು ಬಂದವರ ಹಳೆಯ ಫೋಟೋ ಕೇಳಿ ತರಿಸುವಳು. ಮುಂದಿನ ಹಲ್ಲುಗಳ ನಡುವೆ ಸಂದಿ ಇದ್ದರೆ ಆ ಸಂದಿ, ಒಂದು ಮೂಲೆ ಮುರಿದಿದ್ದರೆ ಆ ಮುರುಕು, ಏನೂ ಬಿಡದೆ ತಂದಿಡುವಳು. ಅವಳ ಸೆಟ್ಟು ಹಾಕಿಕೊಂಡು ಮನೆಗೆ ಹೋದವರನ್ನು ಸ್ವಂತ ಅತ್ತೆಯೂ ಪತ್ತೆ ಹಚ್ಚುತ್ತಿರಲಿಲ್ಲ.

ಆ ಕೋಣೆಗೆ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಒಬ್ಬ ನ್ಯಾಯಾಧೀಶರ ಸೆಟ್ಟು ಬೇಕರಿಯವನಿಗೂ ಬೇಕರಿಯವನದು ನ್ಯಾಯಾಧೀಶರಿಗೂ ಹೋಗಿ, ಒಂದು ವಾರ ಇಬ್ಬರೂ ಒಬ್ಬರ ಹಲ್ಲಲ್ಲಿ ಒಬ್ಬರು ಉಂಡಿದ್ದರು. ಅಂದಿನಿಂದ ಡಾಕ್ಟರು ಹೇಳಿಬಿಟ್ಟರು: ಕೈಯಿಂದ ಕೈಗೆ ಏನೇ ದಾಟಲಿ, ಪಡಿಯಚ್ಚೋ, ಡಬ್ಬಿಯೋ, ಅದರ ಅಡಿಯಲ್ಲಿ ವಿವರ ಕೊರೆಯಲೇಬೇಕು. ಯಾರದು, ಮೇಲಿನದೋ ಕೆಳಗಿನದೋ, ಏನು ವಿಶೇಷ. ಮನೆಯವರಿಗೆ ತಿಳಿಯಬಾರದು ಎನ್ನುವವರಿದ್ದರೆ ಕೊನೆಗೆ 'ಗುಟ್ಟು' ಎಂದೊಂದು ಪದ. ಅಂಥ ಸೆಟ್ಟನ್ನು ಮನೆಗೆ ಕಳಿಸುವ ಹಾಗಿಲ್ಲ, ಅವರ ಕೈಗೇ ಕೊಡಬೇಕು ಎಂದರ್ಥ. ಮೂವತ್ತೊಂದು ವರ್ಷದಲ್ಲಿ ಆ ಅಭ್ಯಾಸ ಹಲ್ಲಕ್ಕನ ತಲೆಯಿಂದ ಕೈಗೆ ಇಳಿದುಹೋಗಿತ್ತು.

ಆಮೇಲೆ ಡಾಕ್ಟರ ಮಗ ಬಂದ, ಮಗನ ಹಿಂದೆ ಒಂದು ಯಂತ್ರ ಬಂತು. ಯಂತ್ರ ಹಲ್ಲನ್ನು ತಾನೇ ಕಡೆಯುತ್ತಿತ್ತು, ಎಲ್ಲರಿಗೂ ಒಂದೇ ಥರದ ಸಾಲು. ಹಲ್ಲಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟರು. ಹಳೆಯ ಪಡಿಯಚ್ಚುಗಳನ್ನು ಎಸೆಯುತ್ತೇವೆ ಎಂದಾಗ ಅವಳು ಬಿಡಲಿಲ್ಲ. ಕೈಗಾಡಿ ಮಾಡಿ ಮೂರು ಸಲ ಹೇರಿ ತಂದು ಹಿತ್ತಿಲ ಕೋಣೆಯಲ್ಲಿ ಪೇರಿಸಿದಳು, ಜೊತೆಗೆ ಉಳಿದಿದ್ದ ಎರಡು ಮೂಟೆ ಪ್ಲಾಸ್ಟರನ್ನೂ. ಅವಳ ಗಂಡ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿಯೂ ಎಲ್ಲಿಗೂ ಹೋಗಲಿಲ್ಲ ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವನು. ಅವನು ಬಾಗಿಲಲ್ಲಿ ನಿಂತು ಪಡಿಯಚ್ಚಿನ ರಾಶಿ ನೋಡಿ, "ಮನೆ ತುಂಬ ಇಷ್ಟೊಂದು ಬಾಯಿ. ಆದ್ರೂ ಮಾತಾಡೋಳು ನೀನೊಬ್ಬಳೇ," ಎಂದು ಒಳಗೆ ಹೋದ.

ಆ ರಾಶಿಯಲ್ಲಿ ಒಂದು ಪಡಿಯಚ್ಚನ್ನು ಮಾತ್ರ ಅವಳು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದಳು. ಅದು ಅವಳ ಒಡಹುಟ್ಟಿದ ಅಕ್ಕನದು.

ಅಕ್ಕನಿಗೂ ಅವಳಿಗೂ ನಾಲ್ಕು ವರ್ಷದ ಅಂತರ. ಹದಿನೆಂಟು ವರ್ಷದ ಹಿಂದೆ ಅಕ್ಕನ ಒಸಡು ಕೆಟ್ಟು, ಮೇಲ್ಸಾಲಿನಲ್ಲಿ ಒಂದು ಹಲ್ಲೂ ಉಳಿಯುವಂತಿರಲಿಲ್ಲ. ಭಾವ ಆಗ ಕೆಲಸದ ಮೇಲೆ ಬೇರೆ ಊರಲ್ಲಿದ್ದ, ಬರುವುದು ಎರಡು ತಿಂಗಳು. ಹಲ್ಲೆಲ್ಲ ಕೀಳಿಸಿಕೊಂಡ ಅಕ್ಕ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹಿಂದಿನ ಕೋಣೆಗೆ ಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಿದ್ದಳು. ಅವಳ ಎಡಗಡೆಯ ಕೋರೆಹಲ್ಲು ಹುಟ್ಟಾ ಓರೆ, ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತದ್ದು. ನಕ್ಕರೆ ಮೊದಲು ಅದೇ ಹೊರಗೆ ಬರುತ್ತಿತ್ತು. ಆ ಹಲ್ಲು ನೋಡಿಯೇ ಮದುವೆಯಾದೆ ಎಂದು ಭಾವ ಊರಿಗೆಲ್ಲ ಹೇಳಿದ್ದ.

"ಅದು ಹೋಯ್ತು ಅಂತ ಗೊತ್ತಾದ್ರೆ, ಇನ್ಮೇಲೆ ನಾನು ನಕ್ಕಾಗೆಲ್ಲ ಸುಳ್ಳು ನಗು ಅಂದ್ಕೋತಾರೆ ಕಣೇ. ಅಮ್ಮನ ಮೇಲೆ ಆಣೆ ಇಡು, ಅವರಿಗೆ ಯಾವತ್ತೂ ಹೇಳಲ್ಲ ಅಂತ," ಎಂದಿದ್ದಳು ಅಕ್ಕ.

ಹಲ್ಲಕ್ಕ ಆಣೆಯಿಟ್ಟಳು. ಒಸಡು ಮಾಯ್ದ ಮೇಲೆ ಒಂಬತ್ತು ದಿನ ಕೂತಳು. ಆ ಒಂದು ಕೋರೆಯನ್ನೇ ಹನ್ನೊಂದು ಸಲ ಕಿತ್ತು ಹನ್ನೊಂದು ಸಲ ಕೂರಿಸಿದಳು. ಭಾವ ಬಂದ, ನೋಡಿದ, ಅವನಿಗೆ ಏನೂ ತಿಳಿಯಲಿಲ್ಲ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ವಯಸ್ಸಾದಂತೆ ಅವನಿಗೆ ಹೆಂಡತಿಯ ಹಲ್ಲನ್ನು ಹೊಗಳುವ ಚಾಳಿ ಹತ್ತಿತು. ಹೊಸ ಸೈಕಲ್ಲು ತೋರಿಸುವವರ ಹಾಗೆ ಬಂದವರಿಗೆಲ್ಲ ತೋರಿಸುವನು: "ಅರವತ್ತೆರಡು ವರ್ಷ ಇವಳಿಗೆ. ಒಂದು ಹಲ್ಲು ಅಲ್ಲಾಡಿಲ್ಲ. ದೇವರು ಪುರುಸೊತ್ತು ಮಾಡ್ಕೊಂಡು ಕೂತು ಒಂದೊಂದಾಗಿ ಕೂರಿಸಿದಾನೆ." ಹಲ್ಲಕ್ಕ ಅಲ್ಲೇ ಕೂತು ಕೇಳಬೇಕು. ಕೂರಿಸಿದ್ದು ತಾನು, ಹೆಸರು ದೇವರಿಗೆ.

ಕತೆಗೆ ಇನ್ನೊಂದು ಗಂಟಿದೆ. ಆರು ವರ್ಷದ ಹಿಂದೆ ಭಾವನೂ ಆ ಹಿಂದಿನ ಕೋಣೆಗೆ ಬಂದ. ಅವನು ಊರಿನ ನೀರು, ಚರಂಡಿಯ ಪೈಪುಗಳ ಇನ್‌ಸ್ಪೆಕ್ಟರಾಗಿದ್ದವನು. ಕೆಳಗಿನ ಮುಂದಿನ ನಾಲ್ಕು ಹಲ್ಲು ಸಡಿಲವಾಗಿ, ಕೀಳಿಸದೆ ಗತಿಯಿರಲಿಲ್ಲ. "ನಿಮ್ಮಕ್ಕನ ಹಲ್ಲು ನೋಡು, ನನ್ನ ಗತಿ ನೋಡು. ಅವಳಿಗೆ ತಿಳಿದ್ರೆ ಮುದುಕನ್ನ ಕಟ್ಕೊಂಡೆ ಅಂದ್ಕೋತಾಳೆ. ಗುಟ್ಟಾಗಿರಲಿ ಕಣಮ್ಮ," ಎಂದು ಬೇಡಿದ. ಹಲ್ಲಕ್ಕ ಕೆಳಗೆ ಬಿದ್ದ ಮೇಣ ಹುಡುಕುವವಳಂತೆ ಮೇಜಿನಡಿ ತಲೆ ಹಾಕಿ, ನಗು ಪೂರ್ತಿ ಮುಗಿದ ಮೇಲೆ ಎದ್ದು ಬಂದಳು. ಅವನ ಕಣ್ಣೆದುರೇ ಪಡಿಯಚ್ಚಿನ ಅಡಿಯಲ್ಲಿ 'ಗುಟ್ಟು' ಎಂದು ಕೊರೆದಳು. ಹೀಗೆ ಒಂದೇ ಸೂರಿನಡಿಯ ಗಂಡ ಹೆಂಡತಿ ಒಬ್ಬರಿಂದೊಬ್ಬರು ಹಲ್ಲು ಬಚ್ಚಿಟ್ಟುಕೊಂಡು ಬಾಳುತ್ತಿದ್ದರು, ಎರಡೂ ಗುಟ್ಟು ಅವಳ ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತ್ತು.

ಕಳೆದ ಕ್ರಿಸ್ಮಸ್ಸಿನ ಊಟಕ್ಕೆ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಹಲ್ಲಕ್ಕ ಕೊಟ್ಟ ಸೋಪನ್ನು ಅಕ್ಕ ಎರಡು ಬೆರಳಲ್ಲಿ ಎತ್ತಿ ಹಿಡಿದು, "ನಿನ್ನ ಕೈಗೂ ಅಂದಕ್ಕೂ ಆಗಿಬರಲ್ಲ ಕಣೇ. ಮುಂದಿನ ವರ್ಷ ಅಂಗಡಿಯಿಂದ ಏನಾದ್ರೂ ತಾ," ಎಂದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಎಡಗಡೆಯ ಕೋರೆ ಮೊದಲು ಹೊರಗೆ ಬಂತು. ತಾನು ಹನ್ನೊಂದು ಸಲ ಕೂರಿಸಿದ ಹಲ್ಲು ತನ್ನನ್ನೇ ನೋಡಿ ನಗುವುದನ್ನು ಹಲ್ಲಕ್ಕ ಕಂಡಳು. ಕೆಲಸ ಬಿಟ್ಟು ಆಗಿನ್ನೂ ಎಂಟು ತಿಂಗಳು. ಆ ದಿನ ಅವಳಿಗೆ ನಿಜಕ್ಕೂ ನೋವಾಯಿತು.

ಈ ವರ್ಷ ಅವಳು ಗಿಡದ ಕುಂಡಗಳಿಗೆ ಕೈ ಹಾಕಿದಳು. ಗಿಡ ಮಾರುವವನ ಹತ್ತಿರ ಮಣ್ಣಿನ ಏಳು ಕುಂಡ ತಂದು, ತೊಳೆದು, ಒಣಗಿಸಿ, ಬಿಳಿ ಬಣ್ಣ ಬಳಿದಳು. ಹಲ್ಲಿಗೆ ಹುಯ್ಯುವ ಆ ನುಣ್ಣನೆ ಪ್ಲಾಸ್ಟರಿನಿಂದ ಹೂವಿನ ಎಸಳು, ಎಲೆ, ಬಳ್ಳಿ ಮಾಡಿ ಅಂಚಿಗೆ ಮೆತ್ತಿದಳು. ಒಸಡಿಗೆಂದು ಇಟ್ಟಿದ್ದ ಗುಲಾಬಿ ಬಣ್ಣ ಹೂವಿಗೆ ಹೋಯಿತು. ಮೇಲೆ ಎರಡು ಕೋಟು ವಾರ್ನಿಷ್. ಆರು ಕುಂಡಗಳು, ಯಾರ ಮೇಲೆ ಬೇಕಾದರೂ ಆಣೆಯಿಟ್ಟು ಹೇಳಬಹುದು, ಚೆನ್ನಾಗಿದ್ದವು.

ಏಳನೆಯದು ಅಕ್ಕನಿಗೆ. ಅದಕ್ಕೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಹೊರಗೆ ಬಂತು. ಆ ಪಡಿಯಚ್ಚಿನ ಜೊತೆ, ಸೆಟ್ಟು ಮುಗಿದ ದಿನ ತೆಗೆದಿಟ್ಟುಕೊಂಡಿದ್ದ ರಬ್ಬರಿನ ಅಚ್ಚೂ ಇತ್ತು. ಅದಕ್ಕೆ ಪ್ಲಾಸ್ಟರ್ ಹುಯ್ದು ಅಕ್ಕನ ಮೇಲ್ಸಾಲನ್ನು ಆರು ಸಲ ತೆಗೆದು, ಒಂದರ ಪಕ್ಕ ಒಂದು ಇಟ್ಟು ಕುಂಡದ ಅಂಚಿಗೆ ಸುತ್ತಲೂ ಕೂರಿಸಿದಳು. ಸೇಡು ತೀರಿಸಿಕೊಳ್ಳುವ ಯೋಚನೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ನೋಡಿದ ಕೂಡಲೇ ಅಕ್ಕನಿಗೆ ತಿಳಿಯುತ್ತದೆ, ಬೇರೆ ಯಾರಿಗೂ ತಿಳಿಯುವುದಿಲ್ಲ. ದಿನಾ ನೀರು ಹಾಕುವಾಗ ತನ್ನ ನಗು ಯಾರ ಕೈಯದು ಎಂದು ನೆನಪಾಗಲಿ. ಬಾಯಿಬಿಟ್ಟು ಹೇಳಿದರೆ ತಾನೇ ಆಣೆ ಮುರಿದ ಹಾಗೆ? ಇಷ್ಟು ಲೆಕ್ಕ ಹಾಕಿ ಅವಳು ಖುಷಿಯಿಂದ ಕೆಲಸ ಮುಗಿಸಿದಳು.

ಗಂಡ ಬಂದು ಬಗ್ಗಿ ನೋಡಿದ. "ದೂರದಿಂದ ಮೊಗ್ಗಿನ ಸಾಲು. ಹತ್ತಿರ ಬಂದ್ರೆ ಕಚ್ಚೋ ಹಾಗಿದೆ."

"ನಿಮ್ಮನ್ನೇನೂ ಕಚ್ಚಲ್ಲ, ಹೋಗಿ."

ಅವನು ಹೋದ ಮೇಲೆ ಅವಳು ಕುಂಡ ಬೋರಲು ಹಾಕಿದಳು. ಪಕ್ಕದಲ್ಲಿ ಅಕ್ಕನ ಪಡಿಯಚ್ಚೂ ಬೋರಲು ಬಿದ್ದಿತ್ತು. ಸಂಜೆಗೆ ಏನು ಅಡುಗೆ ಮಾಡಲಿ ಎಂದು ಯೋಚಿಸುತ್ತ, ಮೇಣದ ಚಾಕು ತೆಗೆದುಕೊಂಡು, ಒಂದರ ಅಡಿಯಲ್ಲಿದ್ದುದನ್ನು ಇನ್ನೊಂದರ ಅಡಿಗೆ ನೋಡಿ ಕೊರೆದಳು. ಕೈ ತನ್ನ ಪಾಡಿಗೆ ಕೊರೆಯಿತು. ಚಾಕು ಒರೆಸಿಟ್ಟು ಅಡುಗೆಮನೆಗೆ ಹೋದಳು.

ಕ್ರಿಸ್ಮಸ್ ದಿನ ಅಕ್ಕ ಕಾಗದ ಬಿಚ್ಚಿದಾಗ ಕೋಣೆಯಲ್ಲಿ ಎಲ್ಲರೂ "ಪರವಾಗಿಲ್ವೇ" ಎಂದರು. ಹಲ್ಲಕ್ಕನ ಉಡುಗೊರೆಗೆ ಆ ಮಾತು ಸಿಕ್ಕಿದ್ದು ಅದೇ ಮೊದಲು. ಅಕ್ಕ ಮಾತ್ರ ಅಂಚಿನ ಮೇಲೆ ಒಂದು ಬೆರಳಿಟ್ಟು ಮೆಲ್ಲಗೆ ಸರಿಸಿದಳು, ಓರೆ ಕೋರೆಯ ಹತ್ತಿರ ಬೆರಳು ನಿಂತಿತು. ಮೇಲಿನ ತುಟಿ ತಾನಾಗಿ ಕೆಳಗಿಳಿದು ಬಾಯಿ ಮುಚ್ಚಿತು. ತಂಗಿಯ ಕಡೆ ಒಂದು ನೋಟ ನೋಡಿದಳು. ಆ ನೋಟಕ್ಕಾಗಿ ಒಂದು ವರ್ಷ ಕಾದಿದ್ದ ಹಲ್ಲಕ್ಕ, ಅದು ಬಂದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದಳು.

ಅಷ್ಟರಲ್ಲಿ ಭಾವ ಕೈ ಚಾಚಿದ. "ಎಲ್ಲಿ ಕೊಡು. ನೀರು ಹೋಗೋಕೆ ತೂತು ಬಿಟ್ಟಿದೀಯೋ ಇಲ್ವೋ? ಎಲ್ಲರೂ ಮೇಲಿನ ಚೆಂದ ನೋಡ್ತಾರೆ, ತೂತು ನೋಡೋರಿಲ್ಲ." ನಲವತ್ತು ವರ್ಷ ಪೈಪು ನೋಡಿದವನು, ಅವನ ಕೈಗೆ ಟೀ ಕಪ್ಪು ಕೊಟ್ಟರೂ ಮೊದಲು ಅಡಿ ನೋಡುವವನು. ಕುಂಡವನ್ನು ಬೋರಲು ತಿರುಗಿಸಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದ.

ಆಗ ಹಲ್ಲಕ್ಕನಿಗೆ ತನ್ನ ಕೈ ನೆನಪಾಯಿತು. ಆ ಅಡಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಹೀಗೆ ಬರೆದಿತ್ತು: ಅಕ್ಕ. ಮೇಲ್ಸಾಲು ಪೂರ್ತಿ. ಎಡ ಕೋರೆ ಓರೆಯೇ ಇರಲಿ. ಗುಟ್ಟು.

ಭಾವ ಓದಿದ. ನಾಲ್ಕು ಸಾಲು ಓದಲು ಯಾರಿಗೂ ಅಷ್ಟು ಹೊತ್ತು ಬೇಡ. ಹಲ್ಲಕ್ಕನ ಗಂಡ ಗಾಳಿಯ ಬಗ್ಗೆ, ಚಳಿಯ ಬಗ್ಗೆ ಏನೋ ಹೇಳುತ್ತಿದ್ದ, ಅವಳಿಗೆ ಒಂದೂ ಕೇಳಿಸಲಿಲ್ಲ. ಕೊನೆಗೆ ಭಾವ ಕುಂಡವನ್ನು ನೆಟ್ಟಗೆ ಮಾಡಿ, "ತೂತು ಸರಿಯಾಗಿದೆ," ಎಂದು ಕಿಟಕಿಯಲ್ಲಿಟ್ಟ. ಆಮೇಲೆ ಊಟಕ್ಕೆ ಕೂತ. ಆ ದಿನ ಹೆಂಡತಿಯ ಹಲ್ಲಿನ ಸುದ್ದಿ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ತಂಗಿಯನ್ನು ಮೂಲೆಗೆ ಒತ್ತಿ ನಿಲ್ಲಿಸಿದಳು. "ಬೇಕಂತಲೇ ಮಾಡಿದೆ ತಾನೇ? ನಿನ್ನ ಹೊಟ್ಟೆಕಿಚ್ಚು ತೀರಿಸ್ಕೊಳ್ಳೋಕೆ ನನ್ನ ಬಾಯೇ ಆಗಬೇಕಿತ್ತಾ?"

"ಅಕ್ಕ, ಅದು ಹಾಗಲ್ಲ..."

"ಆ ಹಲ್ಲು ಅವರಿಗೆ ಏನು ಅಂತ ನಿನಗೆ ಗೊತ್ತು. ಗೊತ್ತಿದ್ದೂ ಮಾಡಿದೆ."

ಅಡಿಯ ಬರಹದ ಸುದ್ದಿ ಅಕ್ಕನಿಗೆ ಇನ್ನೂ ತಿಳಿದಿರಲಿಲ್ಲ. ಹೇಳಲು ಹಲ್ಲಕ್ಕನಿಗೆ ಬಾಯಿ ಬರಲಿಲ್ಲ. ಹದಿನೆಂಟು ವರ್ಷ ಕಾಯ್ದುಕೊಂಡು ಬಂದ ಆಣೆಯನ್ನು ಬಾಯಿ ಮುರಿಯಲಿಲ್ಲ, ಕೈ ಮುರಿಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು.

ನಾಲ್ಕು ದಿನ ಬಿಟ್ಟು, ಬೆಳಿಗ್ಗೆ ಹತ್ತರ ಹೊತ್ತಿಗೆ ಭಾವ ಬಂದ. ಹಾಲ್‌ನಲ್ಲಿ ಕೂರದೆ ನೇರ ಹಿತ್ತಿಲ ಕೋಣೆಗೆ ನಡೆದ. ಪಡಿಯಚ್ಚಿನ ರಾಶಿಯನ್ನು ಒಂದೊಂದಾಗಿ ಬೋರಲು ಮಾಡಿ ನೋಡತೊಡಗಿದ.

"ನಂದೂ ಇರಬೇಕಲ್ಲ ಇಲ್ಲಿ?"

ಹಲ್ಲಕ್ಕ ಹುಡುಕಿ ಕೊಟ್ಟಳು. ಅವನು ಅಡಿ ನೋಡಿದ. "ಇದೇ ಪದ. ನನ್ನೆದುರಿಗೇ ಕೊರೆದಿದ್ದೆ ನೀನು. ಅದಕ್ಕೇ ಅವತ್ತು ಓದಿದ ಕೂಡಲೇ ಅರ್ಥ ಆಯ್ತು." ಪಡಿಯಚ್ಚನ್ನು ಕೆಳಗಿಟ್ಟು ಕೇಳಿದ: "ಎಷ್ಟು ವರ್ಷ ಆಯ್ತು?"

"ಹದಿನೆಂಟು, ಭಾವ."

"ಹದಿನೆಂಟು ವರ್ಷದಿಂದ ನಾನು ದೇವರನ್ನ ಹೊಗಳ್ತಾ ಇದೀನಿ. ನೀನೊಂದು ಮಾತು ಅನ್ನಲಿಲ್ಲ."

"ದೇವರೂ ಅನ್ನಲಿಲ್ಲವಲ್ಲ, ಭಾವ."

ಅವನಿಗೆ ನಗು ಬಂತು, ಬಂದ ಹಾಗೇ ನಿಂತಿತು. ಸ್ಟೂಲಿನ ಮೇಲೆ ಕೂತು ಮಂಡಿ ಮೇಲೆ ಕೈಯಿಟ್ಟುಕೊಂಡ. "ದಿನಾ ಬೆಳಿಗ್ಗೆ ಅವಳು ಬಚ್ಚಲುಮನೆ ಚಿಲಕ ಹಾಕ್ಕೊಂಡು ಅರ್ಧ ಗಂಟೆ ಹೊರಗೆ ಬರ್ತಿರಲಿಲ್ಲ. ನಲ್ಲಿ ಬಿಟ್ಟಿರೋಳು. ಅಳೋ ಸದ್ದು ಕೇಳಬಾರದು ಅಂತ ನಲ್ಲಿ ಬಿಡ್ತಾಳೆ ಅಂದ್ಕೊಂಡಿದ್ದೆ ನಾನು. ನನ್ನ ಜೊತೆ ಬಾಳೋದು ಅವಳಿಗೆ ಅಷ್ಟು ಕಷ್ಟ ಅಂದ್ಕೊಂಡೆ. ಕೇಳೋಕೆ ಧೈರ್ಯ ಆಗಲಿಲ್ಲ ಕಣಮ್ಮ. ಹಲ್ಲು ಉಜ್ಜೋಕೆ ಅಂತ ಯಾರಿಗೆ ಗೊತ್ತು?"

ಹಲ್ಲಕ್ಕನ ಕಣ್ಣು ತುಂಬಿತು. ಇಬ್ಬರ ಗುಟ್ಟನ್ನೂ ಬಲ್ಲವಳು ತಾನು, ನಡುವಿನ ಈ ಇಲ್ಲದ ಅಳು ಮಾತ್ರ ತನಗೂ ಗೊತ್ತಿರಲಿಲ್ಲ.

"ಇನ್ನೊಂದು ಕುಂಡ ಮಾಡು," ಎಂದ ಭಾವ. "ನನ್ನ ಹಲ್ಲಿಂದು. ಅಡಿಯಲ್ಲಿ ಬರಿ, ಒಂದಕ್ಷರ ಬಿಡಬೇಡ. ನಾನೇ ಹೇಳೋಣ ಅಂತ ನಾಲ್ಕು ದಿನ ನೋಡಿದೆ. ಬಾಯಿ ತೆಗೆದ್ರೆ ಬಾಯಿ ವಿಷಯ ಹೊರಡೋದೇ ಇಲ್ಲ."

ಎರಡನೆಯ ಕುಂಡ ಹೋಗಿ ಅಕ್ಕನ ಕಿಟಕಿಯಲ್ಲಿ ಮೊದಲನೆಯದರ ಪಕ್ಕ ಕೂತಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವ ಹಾಗಿರಲಿಲ್ಲ. ಅಕ್ಕ ಅಡಿ ನೋಡುವ ಜಾತಿಯವಳಲ್ಲ. ತಂಗಿಯ ಮೇಲಿನ ಸಿಟ್ಟಿಗೆ ಆ ಕುಂಡಗಳನ್ನು ಮುಟ್ಟುತ್ತಲೂ ಇರಲಿಲ್ಲ, ದೂರದಿಂದಲೇ ಚೊಂಬು ಬಗ್ಗಿಸಿ ಸರಿಯುವಳು. "ನೀರು ನಿಲ್ತಾ ಇದೆ ಅನ್ಸುತ್ತೆ, ಸ್ವಲ್ಪ ಎತ್ತಿ ನೋಡು," ಎಂದು ಭಾವ ಹೇಳಿದರೆ, "ನೀವೇ ನೋಡಿ, ಜನ್ಮವೆಲ್ಲ ಅದನ್ನೇ ತಾನೇ ಮಾಡಿದ್ದು," ಎನ್ನುವಳು. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಕೊನೆಗೆ, ಜೀವಮಾನವಿಡೀ ಊರಿನ ಚರಂಡಿಗಳ ಕಟ್ಟು ಬಿಡಿಸಿದ ಆ ಮನುಷ್ಯ, ಹೆಂಡತಿ ಇಲ್ಲದಾಗ ಒಂದು ಬಿರಡೆ ತಂದು ತನ್ನ ಹಲ್ಲಿನ ಕುಂಡದ ತೂತಿಗೆ ತುರುಕಿದ. ಮೂರನೆಯ ದಿನ ಗಿಡ ಹಳದಿಯಾಯಿತು. ಐದನೆಯ ದಿನ ಅಕ್ಕ ಗೊಣಗಿಕೊಂಡು ಕುಂಡ ಎತ್ತಿ ಅಡಿ ನೋಡಿದಳು, ಆಮೇಲೆ ಪಕ್ಕದ್ದರ ಅಡಿಯನ್ನೂ.

ಮರುದಿನ ಹಲ್ಲಕ್ಕನಿಗೆ ಫೋನು ಬಂತು. ಅಕ್ಕ, "ಬಾ," ಎಂದಷ್ಟೇ ಹೇಳಿ ಇಟ್ಟಳು. ಹಲ್ಲಕ್ಕ ಬೈಸಿಕೊಳ್ಳಲು ಸಿದ್ಧಳಾಗಿ ಹೊರಟಳು. ದಾರಿಯಲ್ಲಿ ನಾಲ್ಕು ಉತ್ತರ ಕಟ್ಟಿಕೊಂಡಳು, ಬಾಗಿಲು ತೆರೆದಾಗ ನಾಲ್ಕೂ ಮರೆತುಹೋದವು.

ಅಕ್ಕ ಸೆಟ್ಟು ಹಾಕಿರಲಿಲ್ಲ. ಮೇಲಿನ ತುಟಿ ಒಳಕ್ಕೆ ಸೇರಿ, ಕೆನ್ನೆ ಇಳಿದು, ಗದ್ದ ಮುಂದಕ್ಕೆ ಬಂದಿತ್ತು. ಥೇಟ್ ಅಮ್ಮ. ಕೊನೆಯ ವರ್ಷಗಳಲ್ಲಿ ಮಂಚದ ಮೇಲೆ ಕೂತು ಇಬ್ಬರಿಗೂ ಜಡೆ ಹೆಣೆಯುತ್ತೇನೆಂದು ಹಟ ಮಾಡುತ್ತಿದ್ದ ಅಮ್ಮ. ಹದಿನೆಂಟು ವರ್ಷ ಆ ಮುಖವನ್ನು ತಾನೇ ತನ್ನ ಕೈಯಾರೆ ಮುಚ್ಚಿಟ್ಟಿದ್ದೆ ಎಂದು ಹಲ್ಲಕ್ಕನಿಗೆ ಅನ್ನಿಸಿ, ಹೊಸಿಲಲ್ಲೇ ಅಳು ಬಂತು.

"ಅಳಬೇಡ, ಒಳಗೆ ಬಾ," ಎಂದಳು ಅಕ್ಕ. ಮಾತು ಅಲ್ಲಲ್ಲಿ ಜಾರುತ್ತಿತ್ತು, ಅವಳು ಲೆಕ್ಕಕ್ಕಿಡಲಿಲ್ಲ. "ಆರು ವರ್ಷದಿಂದ ನನ್ನ ಕಣ್ಣಿಗೇ ಮಣ್ಣೆರಚಿದ್ದಾರೆ ಈ ಮಹಾನುಭಾವರು. ನೀನೂ ಅವರ ಜೊತೆ ಸೇರ್ಕೊಂಡಿದ್ದೆ."

"ನಿನ್ನ ಜೊತೆ ಹದಿನೆಂಟು ವರ್ಷ ಸೇರ್ಕೊಂಡಿದ್ದೆ, ಅದನ್ನೂ ಹೇಳು."

ಕಿಟಕಿಯ ಮೇಲೆ ಎರಡು ಕುಂಡ, ಅವುಗಳ ನಡುವೆ ಎರಡು ಗಾಜಿನ ಲೋಟ. ಒಂದರಲ್ಲಿ ಅವಳದು, ಒಂದರಲ್ಲಿ ಅವನದು, ಹಾಡಹಗಲೇ ನೀರಲ್ಲಿ ಮುಳುಗಿ ಕೂತಿದ್ದವು. ನೀರಿನ ಮೀಟರ್ ಓದುವವನು ಬಂದು ಚೀಟಿ ಬರೆಯುತ್ತಿದ್ದ. ಭಾವ ಅವನನ್ನು ಬಿಡದೆ ತೋಳು ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಹೆಂಡತಿಯ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದ. ಅವನ ಬಾಯಲ್ಲೂ ಮುಂದಿನ ನಾಲ್ಕು ಹಲ್ಲು ಇರಲಿಲ್ಲ.

"ಎಡಗಡೆ ಕೋರೆ ನೋಡಿ, ಸ್ವಲ್ಪ ಓರೆ ಇದೆಯಲ್ಲ, ಅದನ್ನ ನೋಡಿ. ಹನ್ನೊಂದು ಸಲ ಕಿತ್ತು ಕೂರಿಸಿದಾಳಂತೆ. ಅಲ್ಲಿ ನಿಂತಿದಾಳಲ್ಲ, ನನ್ನ ನಾದಿನಿ, ಅವಳ ಕೈಕೆಲಸ ಇದು."

ಮೀಟರಿನವನು ಲೋಟ ನೋಡಿದ, ಹಲ್ಲಕ್ಕನನ್ನು ನೋಡಿದ, ಏನು ಹೇಳಬೇಕೋ ತಿಳಿಯದೆ ಚೆನ್ನಾಗಿದೆ ಎಂದ. ಹಲ್ಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಹತ್ತಿರ ಹೋಗಿ ಲೋಟಕ್ಕೆ ಕಣ್ಣಿಟ್ಟಳು.

"ಹಿಂದೆ ಒಂದು ಕಡೆ ಸವೆದಿದೆ ಅಕ್ಕ," ಎಂದಳು. "ಇವತ್ತೇ ಕೊಡು, ಉಜ್ಜಿ ತಂದುಕೊಡ್ತೀನಿ."